ಅಜ್ಜಿಯದೊಂದು ಒಳ್ಳೆಯ ಫೋಟೋ ತೆಗೆಯುವುದು ಹೇಗೆ?

ನಮ್ಮ ಅಜ್ಜ ತೀರಿಕೊಂಡ ದಿನ ಅವರ ಫೋಟೋಗಾಗಿ ಮನೆಯೆಲ್ಲಾ ಹುಡುಕಿದೆವು. ಮದುವೆ, ಗೃಹಪ್ರವೇಶದ ಗುಂಪು ಫೋಟೋಗಳು ಬೇಕಾದಷ್ಟು ಸಿಕ್ಕವು. ಅಜ್ಜ ಒಬ್ಬರೇ ಇರುವುದು ಒಂದೂ ಇರಲಿಲ್ಲ. ಕೊನೆಗೆ ಚಿಕ್ಕಪ್ಪನ ಮದುವೆಯ ಫೋಟೋದಿಂದ ಅವರ ಮುಖವಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿಸಿದೆವು. ಅವರ ಹೆಗಲ ಮೇಲೆ ಇನ್ಯಾರದೋ ಎರಡು ಬೆರಳು ಹಾಗೇ ಉಳಿದಿವೆ. ಗೋಡೆಯ ಮೇಲೆ ಈಗಲೂ ಇರುವುದು ಅದೇ.

ಆಮೇಲೆ ಮನೆಯ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಫೋಟೋ ತೆಗೆಯಲು ಶುರುಮಾಡಿದೆ. ಮೊದಲು ಕೂತವರು ಅಜ್ಜಿ. ಇದಕ್ಕೆ ದುಬಾರಿ ಕ್ಯಾಮೆರಾ ಏನೂ ಬೇಡ. ಒಂದು ಕಿಟಕಿ, ಒಂದು ಕುರ್ಚಿ, ಅವಸರವಿಲ್ಲದ ಅರ್ಧ ಗಂಟೆ ಸಾಕು.

ಮೊದಲು ಕಿಟಕಿ ಹುಡುಕಿ

ನೇರ ಬಿಸಿಲು ಬೀಳದ, ಆದರೆ ಬೆಳಕು ಚೆನ್ನಾಗಿ ಬರುವ ಕಿಟಕಿ ಬೇಕು. ನಮ್ಮ ಕಡೆ ಉತ್ತರದ ಕಿಟಕಿಗೆ ವರ್ಷದ ಹೆಚ್ಚು ದಿನ ಬಿಸಿಲು ಬೀಳುವುದಿಲ್ಲ, ಅದು ಸಿಕ್ಕರೆ ಒಳ್ಳೆಯದು. ಬೇರೆ ದಿಕ್ಕಿನದಾದರೆ ತೆಳುವಾದ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿ. ಬಿಸಿಲು ಸೋಸಿ ಮೆತ್ತಗಾಗುತ್ತದೆ. ಟ್ಯೂಬ್‌ಲೈಟ್ ಆರಿಸಿಬಿಡಿ. ಅದರ ಬಣ್ಣವೇ ಬೇರೆ, ಹಗಲಿನ ಬಣ್ಣವೇ ಬೇರೆ. ಎರಡೂ ಸೇರಿದರೆ ಮುಖ ಒಂದು ಕಡೆ ಹಸಿರು ಹಸಿರಾಗಿ ಕಾಣುತ್ತದೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಅಜ್ಜಿಯನ್ನು ಕರೆಯುವ ಮೊದಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಕುರ್ಚಿ ಹಾಕುವ ಜಾಗದಲ್ಲಿ ನಿಂತು ನಿಮ್ಮ ಮುಷ್ಟಿಯನ್ನು ಮುಖದ ಎತ್ತರಕ್ಕೆ ಹಿಡಿಯಿರಿ. ಅದನ್ನು ನಿಧಾನವಾಗಿ ತಿರುಗಿಸುತ್ತಾ ಬೆರಳ ಗೆಣ್ಣುಗಳ ನೆರಳು ನೋಡಿ. ಕಿಟಕಿಗೆ ಎದುರಾದಾಗ ಎಲ್ಲ ಚಪ್ಪಟೆ. ಪೂರ್ತಿ ಪಕ್ಕಕ್ಕೆ ತಿರುಗಿದಾಗ ಅರ್ಧ ಬೆಳಕು, ಅರ್ಧ ಕತ್ತಲೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಗೆಣ್ಣು, ಗೀರು ಎಲ್ಲ ಎದ್ದು ಬರುತ್ತವೆ. ಅಜ್ಜಿಯ ಮುಖವೂ ಅದೇ ಕೋನಕ್ಕೆ ಬರಬೇಕು.

ಕುರ್ಚಿ ಕಿಟಕಿಯಿಂದ ಮೂರು ಅಡಿ ದೂರವಿರಲಿ. ಕೂತ ಮೇಲೆ ಕಿಟಕಿಗೆ ದೂರವಿರುವ, ನೆರಳಿನ ಬದಿಯ ಕೆನ್ನೆ ಗಮನಿಸಿ. ಕಣ್ಣಿನ ಕೆಳಗೆ ಬೆಳಕಿನ ಒಂದು ಪುಟ್ಟ ತ್ರಿಕೋನ ಕಂಡರೆ ಸರಿಯಾಗಿ ಕೂರಿಸಿದ್ದೀರಿ ಎಂದರ್ಥ. 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್ ತನ್ನ ಚಿತ್ರಗಳಲ್ಲಿ ತಂದ ಬೆಳಕು ಇದು. ಫೋಟೋ ತೆಗೆಯುವವರು ಇವತ್ತಿಗೂ ಇದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಆ ಬದಿ ತೀರಾ ಕಪ್ಪಾದರೆ ಅದೇ ಬದಿಗೆ ಒಂದು ಬಿಳಿ ಥರ್ಮೊಕೋಲ್ ಹಾಳೆಯನ್ನು ಎರಡಡಿ ದೂರದಲ್ಲಿ ನಿಲ್ಲಿಸಿ, ಕಿಟಕಿಯ ಬೆಳಕು ಅದಕ್ಕೆ ತಾಗಿ ಕೆನ್ನೆಗೆ ಮರಳುತ್ತದೆ. ಇನ್ನೊಂದು ಮಾತು: ಎರಡೂ ಕಣ್ಣಿನಲ್ಲಿ ಕಿಟಕಿಯ ಬಿಳಿ ಚುಕ್ಕೆ ಹೊಳೆಯುತ್ತಿರಬೇಕು. ಅದು ಇಲ್ಲದಿದ್ದರೆ ಎಷ್ಟು ನಕ್ಕರೂ ಮುಖದಲ್ಲಿ ಕಳೆ ಇರುವುದಿಲ್ಲ.

ಹಳ್ಳಿ ಮನೆಯಾದರೆ ಜಗುಲಿಗಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಮಧ್ಯಾಹ್ನ ಅಂಗಳದಲ್ಲಿ ನಿಲ್ಲಿಸಿದರೆ ನೆತ್ತಿಯ ಬಿಸಿಲಿಗೆ ಕಣ್ಣ ಗುಳಿಗಳು ಕಪ್ಪಾಗುತ್ತವೆ. ಜಗುಲಿಯ ಅಂಚಿನಿಂದ ಒಂದಡಿ ಒಳಗೆ, ಅಂಗಳದ ಕಡೆ ಮುಖ ಮಾಡಿ ಕೂರಿಸಿ. ಹೆಂಚಿನ ಮಾಡು ಮೇಲಿನ ಬಿಸಿಲನ್ನು ತಡೆಯುತ್ತದೆ. ಅಂಗಳಕ್ಕೆ ಬಿದ್ದ ಬಿಸಿಲು ಕೆಳಗಿನಿಂದ ಚಿಮ್ಮಿ ಆ ಗುಳಿಗಳನ್ನು ತುಂಬುತ್ತದೆ.

ಇನ್ನು ಮೊಬೈಲು

ಮೊದಲು ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಮೊಬೈಲಿಗೆ ಬೆರಳ ಜಿಡ್ಡು ಅಂಟಿರುತ್ತದೆ, ಫೋಟೋ ಮಂಜು ಮಂಜಾಗುವುದು ಎಷ್ಟೋ ಸಲ ಅದರಿಂದಲೇ. ಬ್ಯೂಟಿ ಮೋಡ್ ಆಫ್ ಮಾಡಿ. ಎಂಬತ್ತು ವರ್ಷ ಬಾಳಿದ ಮುಖದ ಸುಕ್ಕುಗಳನ್ನು ಅಳಿಸುವ ಹಕ್ಕು ಯಾವ ಮೊಬೈಲಿಗೂ ಇಲ್ಲ.

ತೀರಾ ಹತ್ತಿರ ಹೋಗಬೇಡಿ. ಒಂದಡಿ ದೂರದಿಂದ ತೆಗೆದರೆ ಮೂಗು ದಪ್ಪ, ಕಿವಿ ಸಣ್ಣ. ಯಾಕೆಂದರೆ ಕಿವಿಗಿಂತ ಮೂಗು ಕ್ಯಾಮೆರಾಗೆ ತುಂಬಾ ಹತ್ತಿರವಿರುತ್ತದೆ. ಐದಾರು ಅಡಿ ಹಿಂದೆ ಸರಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅಲ್ಲಿಂದ 2 ಅಥವಾ 3 ಪಟ್ಟು ಜೂಮ್ ಮಾಡಿ. ಕಿಟಕಿಗೆ ಹತ್ತಿರದ ಕಣ್ಣಿನ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಮೊಬೈಲಿನಲ್ಲೇ ಫೋಟೋದ ಬೆಳಕನ್ನು ಕೊಂಚ ಇಳಿಸಿ. ಇಲ್ಲದಿದ್ದರೆ ನರೆಗೂದಲು ಸುಣ್ಣದ ಹಾಗೆ ಬೆಳ್ಳಗಾಗಿಬಿಡುತ್ತದೆ. ಕ್ಯಾಮೆರಾ ಇದ್ದವರಿಗೆ 50 ಎಂ.ಎಂ. ಲೆನ್ಸ್ ಸಾಕು, ಶಟರ್ ವೇಗ 1/125ಕ್ಕಿಂತ ಕಡಿಮೆ ಬೇಡ.

ಅವರು ಕೂತಿದ್ದರೆ ನೀವೂ ಕೂತುಕೊಳ್ಳಿ, ಅವರ ಕಣ್ಣಿನ ಮಟ್ಟಕ್ಕೆ ಮೊಬೈಲು ಬರಲಿ. ಕನ್ನಡಕ ತೆಗೆಸಬೇಡಿ, ದಿನಾ ಹಾಕುವವರು ತೆಗೆದರೆ ಮುಖವೇ ಬೇರೆಯಾಗುತ್ತದೆ. ಗಾಜಿನಲ್ಲಿ ಕಿಟಕಿ ಹೊಳೆದರೆ ಗಲ್ಲ ಸ್ವಲ್ಪ ತಗ್ಗಿಸಲು ಹೇಳಿ, ಸಾಕು.

ಕೈಗೆ ಕೆಲಸ ಕೊಡಿ

ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದು ಸೆಟೆದು ಕೂತರು. ಅವರ ಆಸೆಯಂತೆ ಮೊದಲು ಹಾಗೇ ನಾಲ್ಕು ತೆಗೆದೆ. ಆಮೇಲೆ, ‘ಅಜ್ಜಿ, ದೇವರಿಗೆ ಹೂ ಕಟ್ಟೋದಿತ್ತಲ್ವಾ?’ ಅಂದೆ. ಬುಟ್ಟಿ ತರಿಸಿ ನೆಲಕ್ಕೆ ಕೂತರು. ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಎರಡೆರಡೇ ಸೇವಂತಿಗೆ ಇಟ್ಟು ಗಂಟು ಬಿಗಿಯತೊಡಗಿದರು. ಐದೇ ನಿಮಿಷದಲ್ಲಿ ಹೆಗಲು ಸಡಿಲವಾಯಿತು, ಮೊಬೈಲು ಮರೆತೇಹೋಯಿತು. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತೆಗೆದ ಸಾಮಾನ್ಯ ಜನರ ಚಿತ್ರಗಳನ್ನು ನೋಡಿ. ಎಷ್ಟೋ ಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ತಾವು ಏನೋ ಮಾಡುತ್ತಿರುತ್ತಾರೆ.

‘ನಗಿ’ ಅಂತ ಹೇಳಬೇಡಿ. ಏನಾದರೂ ಕೇಳಿ. ಈ ಮನೆಗೆ ಬಂದ ಮೊದಲ ದಿನ ಏನು ಅಡುಗೆ ಮಾಡಿದ್ರಿ ಅಂತ ನಾನು ಕೇಳಿದ್ದೆ. ಮಾತಿನ ನಡುವೆ ತೆಗೆದರೆ ಬಾಯಿ ಸೊಟ್ಟಗೆ ಬರುತ್ತದೆ. ಮಾತು ಮುಗಿದು ಅವರು ಸುಮ್ಮನಾಗಿ, ನೆನಪು ಇನ್ನೂ ಮುಖದಲ್ಲಿರುತ್ತದಲ್ಲ, ಆಗ ಒತ್ತಿ. ನಲವತ್ತೈವತ್ತು ತೆಗೆದು ಎರಡು ಉಳಿಸಿಕೊಂಡರೂ ನಷ್ಟವಿಲ್ಲ.

ಪ್ರಿಂಟ್ ಹಾಕಿಸಿ

ಇದನ್ನು ಮುಂದೂಡಬೇಡಿ, ಮೊಬೈಲು ಕಳೆದರೆ ಎಲ್ಲವೂ ಹೋಗುತ್ತದೆ. ಅಂಗಡಿಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫೋಟೋ ಕುಗ್ಗುತ್ತದೆ. ಮೊಬೈಲಿನ ಫೋಟೋ ಸಾಮಾನ್ಯವಾಗಿ 3:4ರ ಅಳತೆಯದು, 6x8 ಇಂಚಿಗೆ ಸರಿಹೊಂದುತ್ತದೆ. 8x12 ಹಾಕಿಸಿದರೆ ಎರಡು ಪಕ್ಕ ಕತ್ತರಿಸಿಹೋಗುತ್ತವೆ. ಹಾಗಾಗಿ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಿ. ಹೊಳೆಯುವ ಕಾಗದಕ್ಕಿಂತ ಮ್ಯಾಟ್ ಕಾಗದ ನನಗೆ ಇಷ್ಟ, ಗೋಡೆಯ ಮೇಲೆ ಬೆಳಕು ಬಿದ್ದರೂ ಮುಖ ಕಾಣುತ್ತದೆ.

ಪ್ರಿಂಟನ್ನು ಮೊದಲು ಅವರ ಕೈಗೇ ಕೊಡಿ. ಅಜ್ಜಿ ಮುಖ ನೋಡಲೇ ಇಲ್ಲ. ಹೂ ಹಿಡಿದ ಬೆರಳುಗಳ ಮೇಲೆ ಕೈಯಾಡಿಸಿ, ‘ಥೇಟ್ ನಮ್ಮಮ್ಮನ ಕೈ ಕಣೋ’ ಅಂದರು. ಆ ಮಾತನ್ನೂ ನಾನು ಹಿಂಬದಿಯಲ್ಲಿ ಬರೆದಿಟ್ಟೆ, ಹೆಸರು, ಊರು, ತಾರೀಕಿನ ಜೊತೆಗೆ. ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ ಆದರೆ ಒತ್ತಿದ ಗುರುತು ಮುಂಬದಿಗೆ ಮೂಡುತ್ತದೆ.