ಜಗಲಿ ಮೇಲಿನ ಕಂಪ್ಯೂಟರ್: ಎಂಟು ಇಂಚಿನ ವಿಂಡೋಸ್ ಟ್ಯಾಬ್ ಬಳಸುವ ಬಗೆ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಕಡೆ. ಜೂನ್ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ತಂತಿ ಮೇಲೆ ಮರ ಬಿದ್ದರೆ ಎರಡು ದಿನ, ಕಂಬವೇ ಬಿದ್ದರೆ ನಾಲ್ಕು ದಿನ. ಆಗ ಮೇಜಿನ ಮೇಲಿನ ದೊಡ್ಡ ಕಂಪ್ಯೂಟರ್ ಬಟ್ಟೆ ಹೊದ್ದು ಸುಮ್ನೆ ಕೂತಿರುತ್ತದೆ. ತೋಟದ ಲೆಕ್ಕ, ನಮ್ಮ ಮಹಿಳಾ ಸಂಘದ ಲೆಕ್ಕ, ಎರಡನ್ನೂ ಬರೆಯುವವಳು ನಾನು. ಮಳೆ ನಿಲ್ಲಲಿ ಎಂದು ಲೆಕ್ಕ ಕಾಯುವುದಿಲ್ಲ ಅಲ್ವಾ?

2015ರಲ್ಲಿ ನನ್ನ ಅಣ್ಣನ ಮಗ ಒಂದು ಟ್ಯಾಬ್ ತಂದುಕೊಟ್ಟ. ಎಂಟು ಇಂಚು, ಒಂದು ನೋಟ್‌ಬುಕ್ಕಿನಷ್ಟು. ಒಳಗಿದ್ದದ್ದು ಆಂಡ್ರಾಯ್ಡ್ ಅಲ್ಲ, ವಿಂಡೋಸ್ 8.1. ಮರುವರ್ಷ, ಬಿಟ್ಟಿಯಾಗಿ ಸಿಗುತ್ತಿದ್ದಾಗಲೇ, ಅದಕ್ಕೆ ವಿಂಡೋಸ್ 10 ಹಾಕಿಸಿದೆವು. ನಡುವೆ ಒಂದು ಸಲ ಶಿವಮೊಗ್ಗದಲ್ಲಿ ಬ್ಯಾಟರಿ ಬದಲಾಯಿಸಿದ್ದು ಬಿಟ್ಟರೆ ಇವತ್ತಿಗೂ ಅದೇ ಟ್ಯಾಬ್ ನಡೆಯುತ್ತಿದೆ. ಇಂಥ ಟ್ಯಾಬ್ ಎಷ್ಟೋ ಮನೆಗಳ ಕಪಾಟಿನಲ್ಲಿ ಬಿದ್ದಿದೆ. "ತುಂಬಾ ನಿಧಾನ" ಎಂದು ಎತ್ತಿಟ್ಟವರೇ ಜಾಸ್ತಿ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇದು ದೊಡ್ಡ ಫೋನ್ ಅಲ್ಲ, ಚಿಕ್ಕ ಕಂಪ್ಯೂಟರ್. ಫೋನಿನಂತೆ ಬಳಸಲು ಹೋದರೆ ಬೇಸರ ಬರುತ್ತದೆ. ನನ್ನದರಲ್ಲಿರುವುದು 2 ಜಿಬಿ ರ್‍ಯಾಮ್, 32 ಜಿಬಿ ಜಾಗ, ಇಂಟೆಲ್ ಆಟಮ್ ಪ್ರೊಸೆಸರ್. ಒಂದು ಹೊತ್ತಿಗೆ ಒಂದು ಕೆಲಸ ಕೊಟ್ಟರೆ ಅಚ್ಚುಕಟ್ಟಾಗಿ ಮಾಡುತ್ತದೆ. ನಾಲ್ಕು ಕೊಟ್ಟರೆ ನಾಲ್ಕನ್ನೂ ಅರ್ಧಕ್ಕೆ ಬಿಡುತ್ತದೆ.

ಕಣ್ಣಿಗೂ ಬೆರಳಿಗೂ ಹೊಂದಿಸುವುದು

ಪರದೆ ಚಿಕ್ಕದು, ಅಕ್ಷರ ಇನ್ನೂ ಚಿಕ್ಕದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಡಿಸ್‌ಪ್ಲೇ. ಅಲ್ಲಿ ಸ್ಕೇಲ್ ಎಂಬಲ್ಲಿ 125 ಶೇಕಡಾ ಇಡಿ. 150 ಇಟ್ಟರೆ ಓದಲು ಇನ್ನೂ ಹಿತ. ಆದರೆ ಆಗ ಕೆಲವು ಕಿಟಕಿಗಳು ಪರದೆಗಿಂತ ಉದ್ದವಾಗಿ, ಕೆಳಗಿನ ಓಕೆ ಬಟನ್ ಕಾಣಿಸುವುದೇ ಇಲ್ಲ. ನಾನು ಎಷ್ಟೋ ದಿನ ಇದರಲ್ಲಿ ಒದ್ದಾಡಿದೆ. ಉಪಾಯ ಸುಲಭ: ಟ್ಯಾಬನ್ನು ಉದ್ದಕ್ಕೆ ತಿರುಗಿಸಿ. ಅಡ್ಡ ಹಿಡಿದಾಗ ಎತ್ತರ 800 ಚುಕ್ಕಿ ಇದ್ದದ್ದು 1280 ಆಗುತ್ತದೆ, ಬಟನ್ ಕಾಣುತ್ತದೆ. ಒತ್ತಿ, ಮತ್ತೆ ಅಡ್ಡ ಹಿಡಿಯಿರಿ.

ಮೌಸಿನ ಬಲಗಡೆ ಗುಂಡಿಯ ಕೆಲಸಕ್ಕೆ ಬೆರಳನ್ನು ಒತ್ತಿ ಹಿಡಿಯಬೇಕು. ಒಂದು ಚೌಕ ಮೂಡುತ್ತದೆ, ಆಗ ಬೆರಳು ಎತ್ತಿ. ಬಲ ಅಂಚಿನಿಂದ ಒಳಗೆ ಎಳೆದರೆ ಆ್ಯಕ್ಷನ್ ಸೆಂಟರ್ ಬರುತ್ತದೆ. ಅಲ್ಲಿ ಟ್ಯಾಬ್ಲೆಟ್ ಮೋಡ್ ಎಂಬ ಗುಂಡಿ ಇದೆ. ಅದನ್ನು ಹಾಕಿದರೆ ಪ್ರತಿ ಕೆಲಸವೂ ಪೂರ್ತಿ ಪರದೆ ತುಂಬಿಕೊಳ್ಳುತ್ತದೆ. ಬೆರಳಲ್ಲಿ ಮಾಡುವವರಿಗೆ ಅದು ಒಳ್ಳೆಯದು. ಕೀಬೋರ್ಡ್ ಸೇರಿಸಿದಾಗ ನಾನು ತೆಗೆದುಬಿಡುತ್ತೇನೆ.

ಒಂದೇ ತೂತು

ಈ ಟ್ಯಾಬಿನ ದೊಡ್ಡ ತೊಂದರೆ ಇದೇ. ಚಾರ್ಜಿಗೂ ಅದೇ ಮೈಕ್ರೋ ಯುಎಸ್‌ಬಿ ತೂತು, ಪೆನ್ ಡ್ರೈವಿಗೂ ಅದೇ. ಪೆನ್ ಡ್ರೈವ್, ಪ್ರಿಂಟರ್, ಮೌಸ್ ಏನೇ ಚುಚ್ಚಬೇಕಾದರೂ ನಡುವೆ ಓಟಿಜಿ ಕೇಬಲ್ (ಒಂದು ತುದಿ ಟ್ಯಾಬಿನ ಚಿಕ್ಕ ತೂತಿಗೆ, ಇನ್ನೊಂದು ತುದಿಯಲ್ಲಿ ಪೆನ್ ಡ್ರೈವ್ ಕೂರುವಷ್ಟು ದೊಡ್ಡ ತೂತು) ಬೇಕು. ಅದನ್ನು ಹಾಕಿದಷ್ಟು ಹೊತ್ತು ನನ್ನದು ಚಾರ್ಜ್ ಆಗುವುದಿಲ್ಲ. ಚಾರ್ಜ್ ಆಗುತ್ತಲೇ ಕೆಲಸ ಮಾಡಿಸುವ ಕವಲು ಕೇಬಲ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಎಲ್ಲ ಟ್ಯಾಬಿಗೂ ಒಗ್ಗುವುದಿಲ್ಲ. ಟ್ಯಾಬನ್ನು ಜೊತೆಗೇ ಒಯ್ದು, ಅಲ್ಲೇ ಚುಚ್ಚಿ ನೋಡಿ, ಆಮೇಲೆ ದುಡ್ಡು ಕೊಡಿ.

ಅದಕ್ಕೇ ನನ್ನ ಸಲಹೆ: ಕೀಬೋರ್ಡ್, ಮೌಸ್ ಎರಡೂ ಬ್ಲೂಟೂತ್ ಇರಲಿ. ತೂತು ಖಾಲಿ ಉಳಿಯುತ್ತದೆ. ಪದೇ ಪದೇ ಚುಚ್ಚಿ ತೆಗೆದರೆ ತೂತು ಸಡಿಲವಾಗುತ್ತದೆ, ಸಡಿಲವಾದರೆ ಚಾರ್ಜ್ ನಿಲ್ಲುತ್ತದೆ. ಆ ರಿಪೇರಿ ಎಲ್ಲರ ಕೈಯಲ್ಲೂ ಆಗುವುದಲ್ಲ.

ಚಾರ್ಜರ್ ಬಗ್ಗೆಯೂ ಎಚ್ಚರ ಬೇಕು. 5 ವೋಲ್ಟ್, 2 ಆ್ಯಂಪಿಯರ್ ಎಂದು ಬರೆದಿರುವುದನ್ನೇ ಬಳಸಿ. ಹಳೆಯ ಚಿಕ್ಕ ಫೋನಿನ ಚಾರ್ಜರ್ ಹಾಕಿ ಕೆಲಸಕ್ಕೆ ಕೂತರೆ, ವೈರು ಚುಚ್ಚಿದ್ದರೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಕೇಬಲ್ ಗಿಡ್ಡಗೆ, ದಪ್ಪಗೆ ಇದ್ದಷ್ಟೂ ಒಳ್ಳೆಯದು.

ನಮ್ಮಂಥ ಊರಿಗೆ ಇದರ ದೊಡ್ಡ ಲಾಭ ಇಲ್ಲಿದೆ. ಯುಎಸ್‌ಬಿಯಲ್ಲಿ ಚಾರ್ಜ್ ಆಗುವುದರಿಂದ ಪವರ್ ಬ್ಯಾಂಕ್ ಸಾಕು. 10000 ಎಂಎಎಚ್ ಎಂದು ಬರೆದದ್ದು ನನ್ನ ಟ್ಯಾಬನ್ನು ಸುಮಾರು ಒಂದೂವರೆ ಸಲ ತುಂಬಿಸುತ್ತದೆ. ಅಷ್ಟೇನಾ ಎನ್ನಬೇಡಿ. ಆ ಅಂಕಿ ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕದ್ದು. 5 ವೋಲ್ಟಿಗೆ ಏರಿಸುವಾಗ ಅಂಕಿ ಇಳಿಯುತ್ತದೆ, ಒಂದಿಷ್ಟು ಬಿಸಿಯಾಗಿಯೂ ಹೋಗುತ್ತದೆ. ಕರೆಂಟು ಬಂದ ಕೂಡಲೇ ನಾನು ಮೊದಲು ತುಂಬಿಸುವುದು ಪವರ್ ಬ್ಯಾಂಕನ್ನು, ಆಮೇಲೆ ಟ್ಯಾಬ್, ಆಮೇಲೆ ಫೋನ್. ಜುಲೈಯಲ್ಲಿ ನಾಲ್ಕು ದಿನ ಕರೆಂಟಿಲ್ಲದಾಗಲೂ ಸಂಘದ ವಾರದ ಲೆಕ್ಕ ನಿಂತಿಲ್ಲ.

ಕೆಲಸ ಮುಗಿದ ಮೇಲೆ ಪರದೆ ಆರಿಸಿ ಇಟ್ಟರೆ ಸಾಲದು. ಅದು ಬರೀ ಮಲಗಿರುತ್ತದೆ, ಬ್ಯಾಟರಿ ತಿನ್ನುತ್ತಿರುತ್ತದೆ. ಸ್ಟಾರ್ಟ್ ಒತ್ತಿ, ಶಟ್ ಡೌನ್ ಕೊಡಿ.

ಜಾಗ ತುಂಬಿದ ದಿನ

2018ರ ಕೊಯ್ಲಿನಲ್ಲಿ ನನಗೆ ಒಂದು ಪೆಟ್ಟು ಬಿತ್ತು. ಅಡಿಕೆ ಸುಲಿಯುವವರ ಹನ್ನೆರಡು ದಿನದ ಲೆಕ್ಕ ಟ್ಯಾಬಿನಲ್ಲಿತ್ತು. ರಾತ್ರಿ ಸೇವ್ ಕೊಟ್ಟೆ, ಜಾಗ ಇಲ್ಲ ಎಂದಿತು. ವಿಂಡೋಸಿನ ದೊಡ್ಡ ಅಪ್‌ಡೇಟ್ ಒಂದು ಹಿಂದಿನಿಂದ ಇಳಿದು ಇದ್ದ ಜಾಗವನ್ನೆಲ್ಲ ತುಂಬಿಕೊಂಡಿತ್ತು. ಫೈಲ್ ಕೆಟ್ಟುಹೋಯಿತು. ಮಾರನೇ ದಿನ ಸುಲಿಯಲು ಬಂದವರನ್ನೆಲ್ಲ ಕೂರಿಸಿಕೊಂಡು, ಅವರ ನೆನಪು, ನನ್ನ ಚೀಟಿಗಳು, ಎರಡನ್ನೂ ಸೇರಿಸಿ ಮತ್ತೆ ಬರೆದೆ. ಸುಲಿದ ಡಬ್ಬಿ ಎಣಿಸಿ ಕೊಡುವ, ಅವರ ದುಡಿಮೆಯ ದುಡ್ಡು ಅದು. ಒಂದು ಡಬ್ಬಿಯೂ ತಪ್ಪಬಾರದು ಎಂದು ಮನಸ್ಸು ಚಡಪಡಿಸಿತ್ತು.

ಅಂದಿನಿಂದ ಸಿ ಡ್ರೈವಿನಲ್ಲಿ 5 ಜಿಬಿ ಯಾವಾಗಲೂ ಖಾಲಿ ಇಡುತ್ತೇನೆ. ಪೆಟ್ಟಿಗೆ ಮೇಲೆ 32 ಎಂದಿದ್ದರೂ ವಿಂಡೋಸ್ ತೋರಿಸುವುದು 29ರ ಆಸುಪಾಸು. ಅದರಲ್ಲಿ ವಿಂಡೋಸಿಗೇ ದೊಡ್ಡ ಪಾಲು. ಹಾಗಾಗಿ ಹೀಗೆ ಮಾಡಿ. ಒಂದು ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ. ಡಾಕ್ಯುಮೆಂಟ್ಸ್ ಫೋಲ್ಡರನ್ನು ಒತ್ತಿ ಹಿಡಿದು, ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್ ತೆರೆದು ಕಾರ್ಡಿಗೆ ತಿರುಗಿಸಿ. ಚಿತ್ರಗಳ ಫೋಲ್ಡರಿಗೂ ಹಾಗೇ. ತಂತ್ರಾಂಶಗಳನ್ನು ಮಾತ್ರ ಕಾರ್ಡಿನಲ್ಲಿ ಹಾಕಬೇಡಿ. ನನಗೆ ಅದರಿಂದ ಬರೀ ನಿಧಾನವೇ ಸಿಕ್ಕಿತು.

ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವಿಂಡೋಸಿನ ನಕಲು ಹತ್ತು ದಿನ ಹಾಗೇ ಉಳಿದಿರುತ್ತದೆ. ಎಲ್ಲ ಸರಿಯಿದೆ ಎಂದು ಖಾತ್ರಿಯಾದರೆ ಡಿಸ್ಕ್ ಕ್ಲೀನಪ್ ತೆರೆದು, ಸಿಸ್ಟಂ ಫೈಲ್ಸ್ ಎಂಬುದನ್ನು ಒತ್ತಿ ಅದನ್ನು ಅಳಿಸಬಹುದು. ಇನ್ನು ವೈಫೈಯನ್ನು ಮೀಟರ್ಡ್, ಅಂದರೆ ಡೇಟಾಕ್ಕೆ ಮಿತಿ ಇರುವ ಸಂಪರ್ಕ, ಎಂದು ಗುರುತು ಹಾಕಿಡಿ. ಗುಡ್ಡದ ತುದಿಯಲ್ಲಿ ಸಿಗ್ನಲ್ ಹುಡುಕಿ ಹಿಡಿದ ಹಾಟ್‌ಸ್ಪಾಟ್ ಡೇಟಾ ಅಪ್‌ಡೇಟಿಗೆ ಹೋಗಿಬಿಡಬಾರದು.

ಕನ್ನಡದಲ್ಲಿ ಬರೆಯುವುದು

ನನಗೆ ವಿಂಡೋಸೇ ಬೇಕೆನಿಸಿದ್ದಕ್ಕೆ ದೊಡ್ಡ ಕಾರಣ ನುಡಿ. ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ ಅದು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ್ದು. ಬೆರಳಿಗೆ ಅದು ಒಮ್ಮೆ ಹತ್ತಿತೆಂದರೆ ಬೇರೆ ಯಾವುದೂ ರುಚಿಸುವುದಿಲ್ಲ. ಹಳೆಯ ಸಂಘದ ಪತ್ರಗಳೆಲ್ಲ ಅದರಲ್ಲೇ ಇವೆ.

ಆದರೆ ಚಿಕ್ಕ ಕೀಬೋರ್ಡಿನಲ್ಲಿ ಒಂದು ತೊಡಕು. ನನ್ನಲ್ಲಿರುವ ನುಡಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಸ್ಕ್ರಾಲ್ ಲಾಕ್ ಒತ್ತಬೇಕು. ಬ್ಲೂಟೂತ್ ಕೀಬೋರ್ಡಿನಲ್ಲಿ ಆ ಗುಂಡಿಯೇ ಇಲ್ಲ! ಪರದೆಯ ಕೆಳಗಿನಿಂದ ಏಳುವ ಸಾಮಾನ್ಯ ಟಚ್ ಕೀಬೋರ್ಡಿನಲ್ಲೂ ಇಲ್ಲ. ಈಸ್ ಆಫ್ ಆ್ಯಕ್ಸೆಸ್ ಒಳಗೆ ಆನ್ ಸ್ಕ್ರೀನ್ ಕೀಬೋರ್ಡ್ ಎಂಬ ಇನ್ನೊಂದು ಇದೆ. ಅದರಲ್ಲಿ ಸ್ಕ್ರಾಲ್ ಲಾಕ್ ಇದೆ. ನಾನು ಅದನ್ನು ಕೆಳಗಿನ ಪಟ್ಟಿಗೆ ಸೇರಿಸಿಟ್ಟಿದ್ದೇನೆ. ತೆರೆದು ಆ ಗುಂಡಿ ಒಂದು ಸಲ ಒತ್ತಿ, ಮುಚ್ಚಿ, ಆಮೇಲೆ ಕೀಬೋರ್ಡಿನಲ್ಲಿ ಬರೆಯುತ್ತೇನೆ.

ಹೊಸದಾಗಿ ಶುರು ಮಾಡುವವರು ವಿಂಡೋಸಿನಲ್ಲೇ ಇರುವುದನ್ನು ಹಿಡಿಯಿರಿ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅಲ್ಲಿ ಕನ್ನಡ ಸೇರಿಸಿ. 2019ರ ಮೇ ತಿಂಗಳ ಅಪ್‌ಡೇಟಿನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಕೂಡ ಬಂದಿದೆ. ವಿಂಡೋಸ್ ಗುಂಡಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇದರಲ್ಲಿ ಬರೆದದ್ದು ಯುನಿಕೋಡ್ ಆಗಿರುತ್ತದೆ, ಯಾರ ಫೋನಿನಲ್ಲೂ ಸರಿಯಾಗಿ ತೆರೆಯುತ್ತದೆ. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದು ಹಾಗಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ ಇದ್ದು, ಮೇಲೆ ಕನ್ನಡದ ರೂಪ ಹೊದಿಸಿರುತ್ತದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಚಿತ್ರವಿಚಿತ್ರ ಗುರುತು ಕಾಣುತ್ತದೆ. ಸಂಘದ ಸಭೆ ಕರೆದ ಪತ್ರ ಯಾರಿಗೂ ಓದಲಾಗದೆ ಹದಿನೈದು ಜನ ನನಗೆ ಫೋನ್ ಮಾಡಿದ್ದುಂಟು. ನುಡಿಯಲ್ಲೂ ಯುನಿಕೋಡ್ ಆಯ್ಕೆ ಇದೆ. ನಾಲ್ಕು ಜನಕ್ಕೆ ಕಳಿಸುವುದಾದರೆ ಅದನ್ನೇ ಇಟ್ಟುಕೊಳ್ಳಿ.

ಸುಲಿಯುವ ರಾತ್ರಿಯ ಹಾಳೆ

ದೀಪಾವಳಿ ಕಳೆಯಿತೆಂದರೆ ನಮ್ಮಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಲು ಜೋರು. ಸಂಜೆ ಜಗಲಿಯಲ್ಲಿ ಎಂಟು ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತಾರೆ. ಡಬ್ಬಿ ಲೆಕ್ಕದಲ್ಲಿ ಕೂಲಿ. ಟ್ಯಾಬನ್ನು ಮಣೆಗೆ ಒರಗಿಸಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.

ಲೆಕ್ಕಕ್ಕೆ ಲಿಬ್ರೆ ಆಫೀಸಿನ ಕ್ಯಾಲ್ಕ್ (ಎಕ್ಸೆಲ್ ಥರದ್ದು) ಸಾಕು. ಅದು ಬಿಟ್ಟಿ ಸಿಗುತ್ತದೆ, ಒಂದೂವರೆ ಜಿಬಿ ಜಾಗ ಬೇಕು. ತೆರೆಯಲು ಅರ್ಧ ನಿಮಿಷ ತೆಗೆದುಕೊಳ್ಳುತ್ತದೆ, ಕಾಯಿರಿ. ಮೇಲಿನ ಸಾಲಿನಲ್ಲಿ ಹೆಸರುಗಳು, ಎಡಗಡೆ ತಾರೀಖು. ಒಂದು ವರ್ಷಕ್ಕೆ ಒಂದೇ ಫೈಲ್, ತಿಂಗಳಿಗೊಂದು ಹಾಳೆ. ಮೇಲಿನ ಸಾಲನ್ನೂ ಎಡಗಡೆ ಕಂಬವನ್ನೂ ಫ್ರೀಜ್ ಮಾಡಿ, ಅಂದರೆ ಹಾಳೆ ಸರಿಸಿದರೂ ಅವು ಅಲ್ಲೇ ನಿಲ್ಲುವಂತೆ ಮಾಡಿ. ಯಾಕೆಂದರೆ ಟಚ್ ಕೀಬೋರ್ಡ್ ಎದ್ದಾಗ ಪರದೆಯ ಅರ್ಧ ಮುಚ್ಚುತ್ತದೆ. ಯಾರ ಹೆಸರಿನ ಕೆಳಗೆ ಬರೆಯುತ್ತಿದ್ದೇವೆ ಎಂಬುದು ಕಾಣದಿದ್ದರೆ ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಹೋಗುತ್ತದೆ.

ಕೀಬೋರ್ಡಿನ ಎಡ ಮೂಲೆಯ ಅಂಕಿಯ ಗುಂಡಿ ಒತ್ತಿದರೆ ಅಂಕಿಗಳು ಒಂದೆಡೆ ದೊಡ್ಡದಾಗಿ ಬರುತ್ತವೆ. ನಾನು ಬೆರಳಿಗಿಂತ ರಬ್ಬರ್ ತುದಿಯ ಟಚ್ ಪೆನ್ ಜಾಸ್ತಿ ಬಳಸುತ್ತೇನೆ. ಅಡಿಕೆಯ ಚೊಗರು ಹತ್ತಿದ ಕೈಯಲ್ಲಿ ಪರದೆ ಮುಟ್ಟಿದರೆ ಕಲೆ. ಒದ್ದೆ ಕೈಯಾದರೆ ಒಂದು ಕಡೆ ಮುಟ್ಟಿದ್ದಕ್ಕೆ ಇನ್ನೊಂದು ಕಡೆ ಒತ್ತಿಕೊಳ್ಳುತ್ತದೆ.

ಎಲ್ಲರೂ ಏಳುವ ಮೊದಲು ಆ ದಿನದ ಸಾಲನ್ನು ಗಟ್ಟಿಯಾಗಿ ಓದುತ್ತೇನೆ. ಅವರು ಹೂಂ ಎಂದ ಮೇಲೆ ಸೇವ್. ಆಮೇಲೆ ಓಟಿಜಿ ಚುಚ್ಚಿ ಪೆನ್ ಡ್ರೈವಿಗೆ ಒಂದು ಪ್ರತಿ. ಇದನ್ನು 2018ರಿಂದ ಒಂದು ರಾತ್ರಿಯೂ ತಪ್ಪಿಸಿಲ್ಲ.

ಇಂಟರ್ನೆಟ್ಟಿಗೆ ಎಷ್ಟು ಬಿಡಬೇಕು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟ್ ಕೂಡ, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು, ಇಂಥ ಟ್ಯಾಬಿಗೆ ಆಗದು. ಹಾಗಾಗಿ ಬ್ಯಾಂಕಿನ ವ್ಯವಹಾರ ನಾನು ಇದರಲ್ಲಿ ಮಾಡುವುದಿಲ್ಲ. ಪಹಣಿ ನೋಡುವುದು, ಅಡಿಕೆ ಧಾರಣೆ ನೋಡುವುದು, ಅಷ್ಟೇ. ರಾಶಿ, ಬೆಟ್ಟೆ, ಗೊರಬಲು, ಸರಕು, ಈ ನಾಲ್ಕು ಬಗೆ ಅಡಿಕೆಯದ್ದೂ ದರ ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡು ನೆಟ್ ಆರಿಸುತ್ತೇನೆ. ಬ್ರೌಸರಿನಲ್ಲಿ ಎರಡಕ್ಕಿಂತ ಹೆಚ್ಚು ಪುಟ ತೆರೆಯಬೇಡಿ, 2 ಜಿಬಿ ಅಷ್ಟಕ್ಕೇ ಸುಸ್ತಾಗುತ್ತದೆ.

ಮಳೆಗಾಲದಲ್ಲಿ ಇಡುವುದು

ನಮ್ಮ ಕಡೆ ಆಷಾಢದಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕಕ್ಕೂ ಬೂಸ್ಟು ಬರುತ್ತದೆ. ಬೆಚ್ಚಗಿರಬೇಕಾದದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ರೂಢಿ. ಟ್ಯಾಬನ್ನು ಮಾತ್ರ ಅಲ್ಲಿಡಬೇಡಿ. ಹೊಗೆ ತೂತಿಗೆ ಕೂರುತ್ತದೆ, ಬಿಸಿಗೆ ಬ್ಯಾಟರಿ ಉಬ್ಬಬಹುದು. ಹಿಂಬದಿ ಒಂಚೂರು ಉಬ್ಬಿದಂತೆ ಕಂಡರೂ ಚಾರ್ಜಿಗೆ ಹಾಕದೆ ರಿಪೇರಿಯವರಿಗೆ ತೋರಿಸಿ.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅದರೊಳಗೆ ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು. ಇಷ್ಟು ಸಾಕು. ಅಕ್ಕಿಯಲ್ಲಿ ಹುಗಿದಿಡಬೇಡಿ, ಅಕ್ಕಿಯ ಪುಡಿ ಚಾರ್ಜಿಂಗ್ ತೂತಿಗೆ ಸೇರುತ್ತದೆ. ಕೆಲಸ ಇಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಡಬ್ಬಿಯಿಂದ ತೆಗೆದು, ಆನ್ ಮಾಡಿ ನೋಡಿ. ಬ್ಯಾಟರಿ ಪೂರ್ತಿ ಬತ್ತಿ ತಿಂಗಳುಗಟ್ಟಲೆ ಬಿದ್ದಿದ್ದರೆ ಆಮೇಲೆ ಚಾರ್ಜೇ ಹಿಡಿಯದೆ ಹೋಗಬಹುದು. ಎತ್ತಿಡುವಾಗ ಅರ್ಧ ಚಾರ್ಜ್ ಇರಲಿ.