ಬಾಕ್ಸ್ ಟ್ರಕ್: ಮೊದಲು ಬಾಡಿಗೆಗೆ ಪಡೆದೆ, ಆಮೇಲೆ ಕೊಂಡೆ

ಅಮೆರಿಕದಲ್ಲಿ ಸರಕು ಸಾಗಣೆಯ ಸಣ್ಣ ಉದ್ಯಮ ನಡೆಸುತ್ತಿರುವ ನನ್ನನ್ನು, ಹೊಸದಾಗಿ ಈ ಕಸುಬಿಗೆ ಇಳಿಯುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಬಾಕ್ಸ್ ಟ್ರಕ್, ಅಂದರೆ ಮುಚ್ಚಿದ ಪೆಟ್ಟಿಗೆಯ ಲಾರಿ, ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ? ತಿಂಗಳ ಕಂತು ಇಷ್ಟು, ಬಾಡಿಗೆ ಇಷ್ಟು ಎಂದು ಎರಡು ಅಂಕಿ ಬರೆದುಕೊಂಡು ಬಂದಿರುತ್ತಾರೆ. ಕಂತು ಕಡಿಮೆ ಕಾಣುವುದರಿಂದ ಕೊಳ್ಳುವುದೇ ಸರಿ ಎಂಬ ತೀರ್ಮಾನವೂ ಆಗಲೇ ಆಗಿರುತ್ತದೆ. ಆ ಎರಡು ಅಂಕಿಗಳಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಕೆಲಸವಿಲ್ಲದೆ ಲಾರಿ ನಿಂತ ದಿನದ ಖರ್ಚು ಯಾರ ತಲೆಯ ಮೇಲೆ, ಕೆಟ್ಟು ನಿಂತ ದಿನದ ಹೊಣೆ ಯಾರದು ಎಂಬುದನ್ನು ಮೊದಲು ನೋಡಬೇಕು. ನಾನು ಮೊದಲು ಬಾಡಿಗೆ ಲಾರಿ ಓಡಿಸಿದೆ, ಕೆಲಸ ಒಂದು ಹದಕ್ಕೆ ಬಂದ ಮೇಲೆ ಕೊಂಡೆ. ಈ ಕ್ರಮ ನನಗೆ ಒಳ್ಳೆಯದನ್ನೇ ಮಾಡಿತು.

ನಾನು ಹೇಳುತ್ತಿರುವುದು 26 ಅಡಿ ಉದ್ದದ ಪೆಟ್ಟಿಗೆಯ, ಸರಕು ಸೇರಿ ಒಟ್ಟು ತೂಕದ ಮಿತಿ 26,000 ಪೌಂಡ್ ಇರುವ ಲಾರಿಯ ವಿಷಯ. ಹೊಸಬರು ಇದನ್ನೇ ಹುಡುಕುವುದಕ್ಕೆ ಕಾರಣವಿದೆ. ಮಿತಿ 26,001 ಪೌಂಡ್ ಆಯಿತೆಂದರೆ ಸಿಡಿಎಲ್ ಎಂಬ ವಾಣಿಜ್ಯ ಚಾಲನಾ ಪರವಾನಗಿ ಬೇಕು. ಅದಕ್ಕಿಂತ ಕೆಳಗೆ, ಅಪಾಯಕಾರಿ ಸರಕು ಸಾಗಿಸದಿದ್ದರೆ, ಬಹುತೇಕ ರಾಜ್ಯಗಳಲ್ಲಿ ಸಾಮಾನ್ಯ ಪರವಾನಗಿ ಸಾಕು. ರಾಜ್ಯ ರಾಜ್ಯಗಳ ನಡುವಿನ ಇಂಧನ ತೆರಿಗೆಯ ಇಫ್ಟಾ ಲೆಕ್ಕವೂ ಎರಡು ಆಕ್ಸಲ್‌ನ ಲಾರಿಗೆ 26,000 ಪೌಂಡ್ ದಾಟಿದ ಮೇಲೆಯೇ ಶುರುವಾಗುತ್ತದೆ. ಹಾಗೆಂದು ಇದಕ್ಕೆ ಕಾನೂನಿನ ಕಟ್ಟೇ ಇಲ್ಲ ಎಂದುಕೊಳ್ಳಬಾರದು. ರಾಜ್ಯದ ಗಡಿ ದಾಟಿ ವ್ಯಾಪಾರ ಮಾಡುವ, 10,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಮಿತಿಯ ವಾಹನಕ್ಕೆ ಕೇಂದ್ರದ ಸಾರಿಗೆ ಇಲಾಖೆ ಕೊಡುವ ಯುಎಸ್‌ಡಾಟ್ ಸಂಖ್ಯೆ, ಚಾಲಕನಿಗೆ ವೈದ್ಯಕೀಯ ಪ್ರಮಾಣಪತ್ರ, ಚಾಲನೆಯ ಗಂಟೆಗಳ ಮಿತಿ ಎಲ್ಲವೂ ಅನ್ವಯಿಸುತ್ತವೆ. ಲಾರಿ ಸ್ವಂತದ್ದೋ ಬಾಡಿಗೆಯದೋ ಎಂದು ಕಾನೂನು ಇಲ್ಲಿ ಭೇದ ಮಾಡುವುದಿಲ್ಲ.

ಬಾಡಿಗೆಯಿಂದ ಶುರು ಮಾಡಲು ನನಗಿದ್ದ ಮುಖ್ಯ ಕಾರಣ, ಸಾಗಣೆ ವ್ಯವಹಾರದ ಪರವಾನಗಿ ಎಷ್ಟು ಹಳೆಯದು ಎಂಬುದು. ಬೇರೆಯವರ ಸರಕನ್ನು ಹಣಕ್ಕೆ ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲು ಕೇಂದ್ರದ ಸಾರಿಗೆ ಸುರಕ್ಷತಾ ಸಂಸ್ಥೆಯಾದ ಎಫ್‌ಎಂಸಿಎಸ್‌ಎಯಿಂದ ಆಪರೇಟಿಂಗ್ ಅಥಾರಿಟಿ ಎಂಬ ಈ ಪರವಾನಗಿ ಪಡೆಯಬೇಕು. ಅರ್ಜಿಯ ಶುಲ್ಕ 300 ಡಾಲರ್. ಅದು ಕೈಗೆ ಬಂದ ದಿನವೇ ಲೋಡುಗಳು ಸಾಲುಗಟ್ಟಿ ಬರುವುದಿಲ್ಲ. ಸರಕಿನವರಿಗೂ ಸಾಗಿಸುವವರಿಗೂ ನಡುವೆ ನಿಂತು ಕೆಲಸ ಕುದುರಿಸುವ ಎಷ್ಟೋ ಬ್ರೋಕರ್‌ಗಳು ಅಥಾರಿಟಿ ಪಡೆದು ಕೆಲವು ತಿಂಗಳಾಗದವರಿಗೆ ಸರಕು ಕೊಡುವುದೇ ಇಲ್ಲ. ಹೊಸ ಅಥಾರಿಟಿಗಳ ಮರೆಯಲ್ಲಿ ನಡೆಯುವ ಮೋಸಗಳು ಹೆಚ್ಚಿರುವುದರಿಂದ ಅವರ ಎಚ್ಚರಿಕೆ ಸಹಜವೇ. ಆದರೆ ಆ ತಿಂಗಳುಗಳಲ್ಲಿ ಕಂತು ಕಟ್ಟುವವನ ಪಾಡು ಬೇರೆ. ಕೆಲಸ ವಾರಕ್ಕೆ ಒಂದೋ ಎರಡೋ ಸಿಕ್ಕರೂ ಕಂತು ಪೂರ್ತಿಯೇ ಕಟ್ಟಬೇಕು. ಬಾಡಿಗೆಯವನಿಗೆ ಲೋಡು ಇದ್ದ ದಿನ ಮಾತ್ರ ಲಾರಿಯ ಖರ್ಚು.

ಈಗ ಬಾಡಿಗೆ ಒಪ್ಪಂದದ ವಿಷಯ. ಇದನ್ನು ಸಾವಧಾನವಾಗಿ ಓದಿ ಎಂದು ಯಾರಿಗಾದರೂ ಕೈಮುಗಿದು ಹೇಳಬಲ್ಲೆ. ಬಾಡಿಗೆಗೆ ಸಿಗುವ ಲಾರಿಗಳಲ್ಲಿ ಎರಡು ಬಗೆ. ಮನೆ ಬದಲಾಯಿಸುವವರಿಗೆಂದು ದಿನದ ಲೆಕ್ಕದಲ್ಲಿ ಕೊಡುವುದು ಒಂದು. ವ್ಯಾಪಾರಿಗಳಿಗೆಂದು ವಾಣಿಜ್ಯ ಖಾತೆ ತೆರೆದು ಕೊಡುವುದು ಇನ್ನೊಂದು. ಮೊದಲನೆಯದರ ಒಪ್ಪಂದಗಳಲ್ಲಿ ಬೇರೆಯವರ ಸರಕನ್ನು ಹಣಕ್ಕೆ ಸಾಗಿಸಬಾರದು ಎಂಬ ಷರತ್ತು ಸಾಮಾನ್ಯ. ಕಂಪನಿಯ ಹೆಸರು ಹೊರಗಡೆ ಎಷ್ಟೇ ದೊಡ್ಡದಾಗಿ ಬರೆದಿರಲಿ, ಅಪಘಾತವಾದ ದಿನ ಆ ಒಂದು ಸಾಲು ಎಲ್ಲ ರಕ್ಷಣೆಯನ್ನೂ ಕಳಚಿ ಹಾಕಬಹುದು. ಪೆನ್‌ಸ್ಕೆ, ರೈಡರ್‌ನಂತಹ ಕಂಪನಿಗಳು ವಾಣಿಜ್ಯ ಬಾಡಿಗೆಗೆ ಬೇರೆಯೇ ವ್ಯವಸ್ಥೆ ಇಟ್ಟಿವೆ. ನಾನು ಕೌಂಟರಿನಲ್ಲಿ ಕೇಳುತ್ತಿದ್ದದ್ದು ನೇರವಾದ ಮಾತು: ‘ಅಥಾರಿಟಿ ಇಟ್ಟುಕೊಂಡು ಬೇರೆಯವರ ಸರಕು ಸಾಗಿಸುತ್ತೇನೆ. ಈ ಒಪ್ಪಂದ ಅದಕ್ಕೆ ಅವಕಾಶ ಕೊಡುತ್ತದೆಯೇ? ಯಾವ ಸಾಲಿನಲ್ಲಿ ಹಾಗೆಂದಿದೆ?’ ಬಾಯಿಮಾತಿನ ಉತ್ತರವನ್ನು ನಾನು ಒಪ್ಪುತ್ತಿರಲಿಲ್ಲ.

ವಿಮೆಯ ಗಂಟು ಇದಕ್ಕಿಂತ ಬಿಗಿ. ಈ ಗಾತ್ರದ ವಾಹನದಲ್ಲಿ ಅಪಾಯಕಾರಿಯಲ್ಲದ ಸರಕನ್ನು ರಾಜ್ಯದ ಗಡಿ ದಾಟಿಸುವವರಿಗೆ ಕೇಂದ್ರದ ನಿಯಮ 7,50,000 ಡಾಲರಿನ ಹೊಣೆಗಾರಿಕೆ ವಿಮೆ ಇರಲೇಬೇಕು ಎನ್ನುತ್ತದೆ. ಬ್ರೋಕರ್‌ಗಳು ಅದಕ್ಕೆ ಒಪ್ಪುವುದು ವಿರಳ. ಹತ್ತು ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ, ಸರಕಿಗೆ ಒಂದು ಲಕ್ಷ ಡಾಲರಿನ ವಿಮೆ ಎಂಬುದೇ ವಾಡಿಕೆ. ಬಾಡಿಗೆ ಕಂಪನಿ ಮಾರುವ ಡ್ಯಾಮೇಜ್ ವೇವರ್ ಇದ್ಯಾವುದೂ ಅಲ್ಲ. ಅವರ ಲಾರಿಗೆ ಪೆಟ್ಟಾದರೆ ನಮ್ಮ ಮೇಲೆ ಬರುವ ಹೊರೆಯನ್ನು ಅದು ಹಗುರ ಮಾಡುತ್ತದೆ, ಅಷ್ಟೇ. ಒಳಗಿರುವ ಸರಕಿಗೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಇನ್ನೊಂದು ತೊಡಕು, ಚಾಸಿ ನಂಬರಿನದು. ಹೊಸಬರಿಗೆ ಕೊಡುವ ಪಾಲಿಸಿಗಳಲ್ಲಿ ಹೆಚ್ಚಿನವು ಪಟ್ಟಿಯಲ್ಲಿ ನಮೂದಾದ ವಾಹನಕ್ಕೆ ಮಾತ್ರ ರಕ್ಷಣೆ ಕೊಡುತ್ತವೆ. ಇವತ್ತು ಒಂದು ಲಾರಿ, ನಾಳೆ ಇನ್ನೊಂದು ಎಂದು ಬಾಡಿಗೆಗೆ ಪಡೆಯುವವನ ಲಾರಿ ಆ ಪಟ್ಟಿಯಲ್ಲಿ ಇರುವುದಾದರೂ ಹೇಗೆ? ನಾನು ಏಜೆಂಟರ ಬಳಿ ಕುಳಿತು, ಬಾಡಿಗೆಗೆ ಪಡೆದ ವಾಹನಗಳಿಗೂ ಅನ್ವಯಿಸುವ ರಕ್ಷಣೆಯನ್ನು ಪಾಲಿಸಿಯಲ್ಲೇ ಸೇರಿಸಿಕೊಂಡೆ. ಪ್ರೀಮಿಯಂ ಏರಿತು. ಆದರೆ ಲಾರಿಯ ಕೀಲಿ ಕೈಗೆ ಬರುವ ಮುನ್ನವೇ ಈ ಕೆಲಸ ಮುಗಿದಿದ್ದರಿಂದ ಪ್ರತಿ ಬೆಳಿಗ್ಗೆ ನಿಶ್ಚಿಂತೆಯಿಂದ ಹೊರಡಲು ಸಾಧ್ಯವಾಯಿತು. ಬಾಡಿಗೆಯವನಿಗೂ ವಿಮೆಯ ಕಂತು ತಿಂಗಳಿಡೀ ಇರುತ್ತದೆ ಎಂಬುದನ್ನು ಲೆಕ್ಕ ಹಾಕುವಾಗ ಎಷ್ಟೋ ಜನ ಮರೆಯುತ್ತಾರೆ.

ಕಾಗದಪತ್ರದ ಎರಡು ಸಣ್ಣ ವಿಷಯ. ಸಂಸ್ಥೆಯ ಹೆಸರು, ಯುಎಸ್‌ಡಾಟ್ ಸಂಖ್ಯೆಗಳು ಲಾರಿಯ ಎರಡೂ ಬದಿಯಲ್ಲಿ, ಹಗಲಿನಲ್ಲಿ 50 ಅಡಿ ದೂರದಿಂದ ಓದುವಂತೆ ಇರಬೇಕು. 30 ದಿನಗಳೊಳಗಿನ ಬಾಡಿಗೆಯಾದರೆ ಬಾಡಿಗೆ ಕಂಪನಿಯ ಗುರುತಿನಲ್ಲೇ ಓಡಿಸಲು ಅವಕಾಶವಿದೆ. ಆಗ ನಿಯಮ ಕೇಳುವ ವಿವರಗಳಿರುವ ಒಪ್ಪಂದ ಪತ್ರ ಲಾರಿಯಲ್ಲೇ ಇರಬೇಕು. ಒಂದೇ ಲಾರಿಯನ್ನು ಸತತ 30 ದಿನ ಅಥವಾ ಅದಕ್ಕೂ ಹೆಚ್ಚು ಇಟ್ಟುಕೊಂಡರೆ ಅದರ ದುರಸ್ತಿ, ತಪಾಸಣೆಗಳ ದಾಖಲೆಯೂ ನಮ್ಮ ಹೊಣೆಗೆ ಸೇರುತ್ತದೆ. ಹೊಸ ಸಂಸ್ಥೆಗಳಿಗೆ ಮೊದಲ ವರ್ಷದೊಳಗೆ ಸುರಕ್ಷತಾ ಪರಿಶೋಧನೆ ನಡೆಯುತ್ತದೆ. ನಾನು ಪ್ರತಿ ಬಾಡಿಗೆಯ ಒಪ್ಪಂದವನ್ನೂ ಚಾಲನೆಯ ಗಂಟೆಗಳ ದಾಖಲೆಯ ಜೊತೆಗೇ ಸೇರಿಸಿ ಇಟ್ಟಿದ್ದರಿಂದ ಆ ದಿನ ಹುಡುಕಾಡಬೇಕಾಗಲಿಲ್ಲ.

ಬಾಡಿಗೆಯ ಕಾಲ ನನಗೆ ಕಲಿಸಿದ್ದು, ನನ್ನ ಸರಕಿಗೆ ಎಂತಹ ಲಾರಿ ಬೇಕು ಎಂಬುದನ್ನು. ಕಾಗದದ ಮೇಲೆ 26,000 ಪೌಂಡ್ ಎಂದಿದ್ದರೂ ಲಾರಿಯ ಸ್ವಂತ ತೂಕ, ಸರಕನ್ನು ಏರಿಸಿ ಇಳಿಸುವ ಹಿಂಬದಿಯ ಯಂತ್ರದ ಹಲಗೆಯಾದ ಲಿಫ್ಟ್‌ಗೇಟ್, ಇಂಧನ, ಚಾಲಕ ಎಲ್ಲ ಕಳೆದರೆ ಸರಕಿಗೆ ಉಳಿಯುವುದು ಸುಮಾರು 10,000 ಪೌಂಡ್. ಕೆಳಗೆ, ಸರಕು ಜೋಡಿಸಿದ ಹಲಗೆಯ ಚೌಕಟ್ಟುಗಳಾದ 12 ಪ್ಯಾಲೆಟ್‌ಗಳಿಗೆ ಜಾಗವಿದ್ದರೂ ಪ್ಯಾಲೆಟ್ ಒಂದೊಂದು 1,000 ಪೌಂಡ್ ತೂಗಿದರೆ ಜಾಗ ತುಂಬುವ ಮೊದಲೇ ತೂಕ ತುಂಬಿಬಿಡುತ್ತದೆ. ನನಗೆ ಸಿಗುತ್ತಿದ್ದ ಕೆಲಸದಲ್ಲಿ ಅಂಗಡಿಗಳಿಗೆ, ಮನೆಗಳಿಗೆ ಇಳಿಸುವ ಸರಕು ಹೆಚ್ಚು. ಅಲ್ಲಿ ಲಾರಿಯ ಎತ್ತರಕ್ಕಿರುವ ಸರಕು ಇಳಿಸುವ ಕಟ್ಟೆ, ಅಂದರೆ ಡಾಕ್ ಇರುವುದಿಲ್ಲ, ಲಿಫ್ಟ್‌ಗೇಟ್ ಇಲ್ಲದೆ ಕೈ ಆಡುವುದಿಲ್ಲ. ಗೋದಾಮಿನಿಂದ ಗೋದಾಮಿಗೆ ಮಾತ್ರ ಓಡುವವರಿಗೆ ಅದೇ ಲಿಫ್ಟ್‌ಗೇಟ್ ಸುಮ್ಮನೆ ಹೊತ್ತು ತಿರುಗುವ ಭಾರ. ಇದನ್ನು ಮೊದಲೇ ತಿಳಿಯುವ ಬೇರೆ ದಾರಿ ನನಗೆ ಕಂಡಿಲ್ಲ.

ಲೆಕ್ಕಕ್ಕೆ ಬರೋಣ. ಈ ಅಂಕಿಗಳು ವಿಧಾನ ತೋರಿಸಲು ಮಾತ್ರ. ನಿಮ್ಮ ಅಂಕಿಗಳನ್ನು ಇದೇ ಜಾಗದಲ್ಲಿ ಇಟ್ಟು ನೋಡಿ. ಸ್ವಂತ ಲಾರಿಗೆ ಕಂತು, ನಿಲುಗಡೆ, ನೋಂದಣಿ ಎಲ್ಲ ಸೇರಿ ತಿಂಗಳಿಗೆ 2,400 ಡಾಲರ್, ದುರಸ್ತಿ ಮತ್ತು ಟೈರಿಗೆಂದು ಮೈಲಿಗೆ 20 ಸೆಂಟ್ ಎತ್ತಿಡುತ್ತೀರಿ ಎಂದಿಟ್ಟುಕೊಳ್ಳೋಣ. ಬಾಡಿಗೆ ದಿನಕ್ಕೆ 160 ಡಾಲರ್, ಜೊತೆಗೆ ಮೈಲಿಗೆ 15 ಸೆಂಟ್. ದಿನದ ಓಟ 200 ಮೈಲಿ. ಬಾಡಿಗೆ ಲಾರಿಗೆ ದಿನಕ್ಕೆ 190 ಡಾಲರ್ ಬೀಳುತ್ತದೆ, ತಿಂಗಳಿಗೆ ಎಷ್ಟು ದಿನ ಓಡಿದರೂ ಅಷ್ಟೇ. ಸ್ವಂತ ಲಾರಿ 20 ದಿನ ಓಡಿದರೆ ದಿನಕ್ಕೆ 160 ಡಾಲರ್. 8 ದಿನ ಮಾತ್ರ ಓಡಿದರೆ 340. ಎರಡೂ ಸಮವಾಗುವುದು 16 ದಿನಕ್ಕೆ. ಇಂಧನ, ವಿಮೆ ಎರಡೂ ಕಡೆ ಇರುವುದರಿಂದ ಅವನ್ನು ಬಿಟ್ಟಿದ್ದೇನೆ. ಸ್ವಂತ ಲಾರಿಯನ್ನು ಮುಂದೆ ಮಾರಿದರೆ ಬರುವ ಹಣವನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅದು ಎಂದೋ ಬರುವ ಹಣ, ಕಂತು ಈ ತಿಂಗಳೇ ಕಟ್ಟಬೇಕಾದದ್ದು.

ನನ್ನ ಕೆಲಸದ ದಿನಗಳು ಆ ಸಮದ ಗೆರೆಯನ್ನು ದಾಟಿದ ತಕ್ಷಣ ನಾನು ಕೊಳ್ಳಲಿಲ್ಲ. ಒಂದು ಒಳ್ಳೆಯ ತಿಂಗಳನ್ನು ನಂಬಿ ಸಾಲ ಮಾಡಬಾರದು. ಸತತವಾಗಿ ಕೆಲವು ತಿಂಗಳು ಗೆರೆಯ ಮೇಲೆ ನಿಂತ ಮೇಲೆ, ಅದರಲ್ಲೂ ವಾರವಾರವೂ ಬರುವ ಖಾಯಂ ಗಿರಾಕಿಗಳು ಆದ ಮೇಲೆ ಹೆಜ್ಜೆ ಇಟ್ಟೆ. ಇನ್ನೊಂದು ಷರತ್ತನ್ನೂ ಹಾಕಿಕೊಂಡಿದ್ದೆ: ಮುಂಗಡ ಕೊಟ್ಟ ಮೇಲೂ ದುರಸ್ತಿಗೆಂದು ಬೇರೆಯೇ ಹಣ ಕೈಯಲ್ಲಿರಬೇಕು. ಬಾಡಿಗೆ ಲಾರಿ ದಾರಿಯಲ್ಲಿ ನಿಂತರೆ ಒಂದು ಕರೆ ಮಾಡಿದರಾಯಿತು. ಮೆಕ್ಯಾನಿಕ್ ಬರುತ್ತಾರೆ ಅಥವಾ ಬೇರೆ ಲಾರಿ ಕೊಡುತ್ತಾರೆ. ಸ್ವಂತದ್ದು ನಿಂತರೆ ಎಳೆದೊಯ್ಯುವ ಖರ್ಚು, ದುರಸ್ತಿ, ಕೈತಪ್ಪಿದ ಲೋಡು ಮೂರೂ ನಮ್ಮವು. ಡೀಸೆಲ್ ಲಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಒಂದೇ ಹಾಳಾದರೂ ಸಾವಿರಾರು ಡಾಲರ್ ಕೇಳುತ್ತದೆ. ಆ ಹಣವಿಲ್ಲದವರು, ಕಂತು ಎಷ್ಟೇ ಕಡಿಮೆಯಿರಲಿ, ಇನ್ನಷ್ಟು ದಿನ ಬಾಡಿಗೆಯಲ್ಲೇ ಇರುವುದು ಕ್ಷೇಮ.

ನಾನು ಕೊಂಡದ್ದು ಬಾಡಿಗೆ ಕಂಪನಿಯೊಂದು ತನ್ನ ಸೇವೆಯಿಂದ ತೆಗೆದು ಮಾರಾಟಕ್ಕಿಟ್ಟಿದ್ದ ಲಾರಿ. ಹತ್ತಾರು ಕೈಗಳು ಓಡಿಸಿದ ಗಾಡಿ ಎಂದು ಕೆಲವರು ಮೂಗು ಮುರಿಯುತ್ತಾರೆ. ನನ್ನ ಕಣ್ಣಿದ್ದದ್ದು ದಾಖಲೆಯ ಮೇಲೆ. ಆಯಿಲ್ ಯಾವಾಗ ಬದಲಾಯಿತು, ಬ್ರೇಕ್ ಯಾವಾಗ ಹಾಕಿದರು ಎಂಬುದೆಲ್ಲ ಬರಹದಲ್ಲಿ ಸಿಕ್ಕಿತು. ಓಡಿದ ಮೈಲಿಗಳ ಜೊತೆ ಎಂಜಿನ್ ಓಡಿದ ಗಂಟೆಗಳನ್ನೂ ಕೇಳಿ ಪಡೆಯಬೇಕು. ಮೈಲಿ ಕಡಿಮೆಯಿದ್ದು ಗಂಟೆ ವಿಪರೀತವಿದ್ದರೆ ನಿಂತಲ್ಲೇ ಎಂಜಿನ್ ಓಡಿದೆ ಎಂದರ್ಥ. ಅಂತಹ ಓಟದಲ್ಲಿ ಡಿಪಿಎಫ್‌ನಲ್ಲಿ ಮಸಿ ಕಟ್ಟುತ್ತದೆ, ಏಕೆಂದರೆ ಅದನ್ನು ಸುಡುವಷ್ಟು ಬಿಸಿ ಹೊಗೆಗೆ ಬರುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿದೆ. ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಮುಚ್ಚಿಸಿಕೊಂಡು ಕತ್ತಲಲ್ಲಿ ನಿಂತೆ. ಎಲ್ಲಿಯಾದರೂ ಬೆಳಕು ಕಂಡರೆ ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಇಳಿಯುತ್ತದೆ, ಗಿರಾಕಿಯ ಸರಕು ನೆನೆಯುತ್ತದೆ. ನೆಲದ ಹಲಗೆಯನ್ನು ಬಾಗಿಲ ಬಳಿ ಒತ್ತಿ ನೋಡಬೇಕು, ಕೊಳೆಯುವುದು ಅಲ್ಲಿಂದಲೇ. ಕೆಳಗಿನ ಅಡ್ಡಪಟ್ಟಿಗಳಿಗೆ ಹಿಡಿದ ತುಕ್ಕು, ಭಾರ ಹೇರಿದಾಗ ಲಿಫ್ಟ್‌ಗೇಟ್ ಏರುವ ರೀತಿ, ಇವನ್ನು ಖಾಲಿ ಗಾಡಿ ಓಡಿಸಿ ತಿಳಿಯಲಾಗದು. ಕೊನೆಗೆ ಖಾಲಿ ಲಾರಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಂಡೆ. ಆ ಚೀಟಿಯೇ ಇಂದಿಗೂ ನಾನು ಯಾವ ಲೋಡು ಒಪ್ಪಬೇಕು ಎಂಬುದನ್ನು ಹೇಳುತ್ತದೆ.

ಬಾಡಿಗೆ, ಖರೀದಿ ಇವೆರಡರ ನಡುವೆ ದೀರ್ಘಾವಧಿಯ ಲೀಸ್ ಇದೆ. ದುರಸ್ತಿ ಸೇರಿದ ಲೀಸ್ ಖಾಯಂ ಗುತ್ತಿಗೆಯಿರುವವರಿಗೆ ಚೆನ್ನ; ವರ್ಷಗಟ್ಟಲೆಯ ಒಪ್ಪಂದದಿಂದ ನಡುವೆ ಹೊರಬರುವುದು ದುಬಾರಿ. ಕೆಲಸ ಕೊಡುವ ಕಂಪನಿಯೇ ಲಾರಿಯನ್ನೂ ಕೊಟ್ಟು, ಸಂಬಳದಿಂದ ಕಂತು ಮುರಿದುಕೊಳ್ಳುವ ಲೀಸ್-ಪರ್ಚೇಸ್ ಎಂಬುದರಿಂದ ಮಾತ್ರ ದೂರವಿರಿ. ಕೇಂದ್ರ ಸರ್ಕಾರ ನೇಮಿಸಿದ್ದ ಲೀಸಿಂಗ್ ಕಾರ್ಯಪಡೆ ಇಂತಹ ಒಪ್ಪಂದಗಳನ್ನು ನಿಷೇಧಿಸಬೇಕೆಂದು 2025ರಲ್ಲಿ ಶಿಫಾರಸು ಮಾಡಿದೆ. ಕೆಲಸ, ಸಂಬಳ, ಲಾರಿ ಮೂರೂ ಒಬ್ಬರದೇ ಹಿಡಿತದಲ್ಲಿದ್ದರೆ ಕಂತು ತೀರುವ ದಿನವನ್ನು ನಿರ್ಧರಿಸುವವರೂ ಅವರೇ. ಇನ್ನು ತೆರಿಗೆ ಉಳಿಯುತ್ತದೆ ಎಂದು ಲಾರಿ ಕೊಳ್ಳುವವರಿದ್ದಾರೆ. ಸವಕಳಿಯ ವಿನಾಯಿತಿ ನಿಜ, ಆದರೆ ಆದಾಯವಿದ್ದರೆ ತಾನೆ ತೆರಿಗೆಯ ಮಾತು? ಬಾಡಿಗೆಯೂ ಪೂರ್ತಿ ಖರ್ಚಾಗಿಯೇ ಲೆಕ್ಕಕ್ಕೆ ಬರುತ್ತದೆ.

ಸ್ವಂತ ಲಾರಿ ಬಂದ ಮೇಲೂ ನಾನು ವಾಣಿಜ್ಯ ಬಾಡಿಗೆಯ ಖಾತೆಯನ್ನು ಮುಚ್ಚಿಲ್ಲ, ಪಾಲಿಸಿಯಲ್ಲಿ ಬಾಡಿಗೆ ವಾಹನದ ರಕ್ಷಣೆಯನ್ನೂ ತೆಗೆಸಿಲ್ಲ. ನನ್ನ ಲಾರಿ ದುರಸ್ತಿಗೆ ಹೋದ ದಿನ ಗಿರಾಕಿಯ ಸರಕು ನಿಲ್ಲಬಾರದು. ವರ್ಷದ ಕೊನೆಯ ತಿಂಗಳುಗಳಲ್ಲಿ ಕೆಲಸ ಒಮ್ಮೆಗೇ ಏರುವುದರಿಂದ ಆಗ ಇನ್ನೊಂದು ಲಾರಿಯನ್ನು ಬಾಡಿಗೆಗೆ ಪಡೆದು ಚಾಲಕರೊಬ್ಬರನ್ನು ಇಟ್ಟುಕೊಳ್ಳುತ್ತೇನೆ. ಆ ಕಾಲದಲ್ಲಿ ಬಾಡಿಗೆ ಲಾರಿಗೂ ಕೊರತೆಯಾಗುತ್ತದೆ. ಲಿಫ್ಟ್‌ಗೇಟ್ ಇರುವುದು ಮೊದಲೇ ಖಾಲಿಯಾಗುತ್ತದೆ. ಹಾಗಾಗಿ ಸೆಪ್ಟೆಂಬರ್‌ನಲ್ಲೇ ಹೇಳಿ ಕಾಯ್ದಿರಿಸುತ್ತೇನೆ. ಎರಡನೆಯ ಲಾರಿ ಕೊಳ್ಳುವ ವಿಚಾರವೂ ಇದೆ. ಅದಕ್ಕೂ ಅದೇ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆಯುತ್ತಾ ಬಂದಿದ್ದೇನೆ. ಬಾಡಿಗೆ ಲಾರಿ ಓಡುವ ದಿನಗಳು ಜನವರಿಯ ನಂತರ ಇನ್ನೂ ಗೆರೆಯ ಕೆಳಗೇ ಇಳಿಯುತ್ತಿವೆ.