ಗುಗ್ಗರಿಗಿಂತ ಒಂದು ಹದ ಮೊದಲು

ಮೊದಲ ಮೂರು ಸಲ ನಾನು ಮನೆಯಲ್ಲಿ ಬೇಯಿಸಿದ ಜೋಳದ ಮೇಲೆ ಮಾಡಿದ ಅಣಬೆ ಬೀಜ ಪೂರ್ತಿ ಕೆಟ್ಟುಹೋಯಿತು. ಕೈ ಸ್ವಚ್ಛ ಇರಲಿಲ್ಲವೇನೋ ಅಂತ ಗ್ಲೌಸ್ ತಂದೆ. ಗಾಳಿಯಲ್ಲಿ ಏನೋ ಇದೆ ಅಂತ ಕಿಟಕಿ ಮುಚ್ಚಿ, ಫಿನಾಯಿಲ್ ಹಾಕಿ ಕೋಣೆ ಒರೆಸಿದೆ. ಆದರೂ ನಾಲ್ಕನೇ ದಿನಕ್ಕೆ ಬಾಟಲಿಯ ತಳದಲ್ಲಿ ಕಾಳು ಲೋಳೆಲೋಳೆ, ಮುಚ್ಚಳ ತೆಗೆದರೆ ಹಳಸಿದ ಅಂಬಲಿಯ ವಾಸನೆ. ಗಾಳಿಯಿಂದ ಬಂದ ಬೂಷ್ಟು ಹಾಗೆ ನಾರುವುದಿಲ್ಲ, ಅದು ಮೇಲಿನಿಂದ ಹಸಿರಾಗಿ ಹಬ್ಬುತ್ತದೆ. ತಳದಿಂದ ಹುಳಿ ವಾಸನೆ ಬಂದರೆ ಬ್ಯಾಕ್ಟೀರಿಯಾ, ಅದಕ್ಕೆ ಎಡೆ ಕೊಟ್ಟಿದ್ದು ನಾನು ಬೇಯಿಸಿದ ಜೋಳದಲ್ಲಿದ್ದ ನೀರು. ಇಷ್ಟು ತಿಳಿಯಲು ಎರಡು ತಿಂಗಳು, ಆರೇಳು ಕಿಲೋ ಜೋಳ ಬೇಕಾಯಿತು.

ನಮ್ಮದು ವಿಜಯಪುರದ ಕಡೆ. ಪುಣೆಯ ಧನಕವಡಿಗೆ ಬಂದು 16 ವರ್ಷ. ಬಾಲ್ಕನಿಯಲ್ಲಿ ಚಿಪ್ಪು ಅಣಬೆ ಬೆಳೆಯುತ್ತೇನೆ, ಇಲ್ಲಿಯವರು ಅದಕ್ಕೆ ಧಿಂಗರಿ ಅನ್ನುತ್ತಾರೆ. ಶಿವಾಜಿನಗರದ ಕೃಷಿ ಕಾಲೇಜಿನಿಂದ ಬೀಜದ ಪೊಟ್ಟಣ ತಂದು ಗೋಧಿ ಹೊಟ್ಟಿಗೆ ಬೆರೆಸುತ್ತಿದ್ದೆ. ಬೀಜ ಅಂದರೆ ಬಿತ್ತುವ ಬೀಜವಲ್ಲ, ಕ್ರಿಮಿಶುದ್ಧ ಮಾಡಿದ ಕಾಳಿನ ಮೇಲೆ ಅಣಬೆಯ ಬಿಳಿ ಎಳೆ ಹಬ್ಬಿಸಿದ್ದು. ಅದೇ ಒಂದು ಪೊಟ್ಟಣದಿಂದ ಎರಡೆರಡು ಚಮಚ ತೆಗೆದು ಮನೆಯಲ್ಲೇ ಹತ್ತಾರು ಬಾಟಲಿ ಮಾಡಿಕೊಳ್ಳಬಹುದು ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಜೋಳದ ವಿಷಯದಲ್ಲಿ ನಾನು ಹಟಮಾರಿ. ಮಳೆಗಾಲದ ಹೈಬ್ರಿಡ್ ಜೋಳ ಅಗ್ಗ, ಆದರೆ ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕು ಎಷ್ಟೋ ಕಾಳು ಕಪ್ಪಾಗಿರುತ್ತವೆ. ಆ ಕಪ್ಪು ಬೂಷ್ಟೇ. ಅದಕ್ಕೇ ಮಾರ್ಕೆಟ್ ಯಾರ್ಡಿನ ಭುಸಾರ್, ಅಂದರೆ ಕಾಳುಕಡಿ ಅಂಗಡಿಯಿಂದ ರೊಟ್ಟಿಗೆ ತರುವ ಹಿಂಗಾರಿಯ ಮಾಲದಂಡಿ ಜೋಳವನ್ನೇ ತರುತ್ತೇನೆ. ಬಿತ್ತನೆ ಬೀಜ ಮಾರುವ ಅಂಗಡಿಯ ಜೋಳ ಮಾತ್ರ ಬೇಡವೇ ಬೇಡ. ಅದಕ್ಕೆ ಬೂಷ್ಟುನಾಶಕ ಸವರಿರುತ್ತಾರೆ, ಅಣಬೆಯೂ ಶಿಲೀಂಧ್ರವೇ ಆದ್ದರಿಂದ ಅದರ ಮೇಲೆ ಏಳುವುದಿಲ್ಲ. ಮನೆಗೆ ತಂದು ಕೇರಿ ಹಸನು ಮಾಡುತ್ತೇನೆ. ಒಡೆದ ಕಾಳು ಕುದಿಯುವಾಗ ಹಿಟ್ಟು ಬಿಟ್ಟು ಉಳಿದದ್ದನ್ನೂ ಅಂಟು ಮಾಡುತ್ತದೆ.

1 ಕಿಲೋ ಜೋಳ ತೊಳೆದು ಸಂಜೆ ನೆನೆಹಾಕುತ್ತೇನೆ, ಬೆಳಗಿನವರೆಗೆ ಸುಮಾರು 12 ತಾಸು. ನೆನೆಸುವುದು ಕಾಳು ಮೆತ್ತಗಾಗಲಿ ಅಂತಷ್ಟೇ ಅಲ್ಲ. ಕಾಳಿನ ಮೇಲೆ ಮಲಗಿರುವ ಬ್ಯಾಕ್ಟೀರಿಯಾದ ಬೀಜಾಣುಗಳು ಗಟ್ಟಿ ಕವಚದೊಳಗೆ ಇರುತ್ತವೆ, ಬರೀ ಕುದಿಯುವ ನೀರಿಗೆ ಸಾಯುವುದಿಲ್ಲ. ನೀರು ಸಿಕ್ಕರೆ ಎದ್ದು ಮೊಳೆಯತೊಡಗುತ್ತವೆ. ಎದ್ದವನ್ನು ಕೊಲ್ಲುವುದು ಸುಲಭ.

ಕುದಿಸುವಲ್ಲೇ ನಾನು ಎಡವಿದ್ದು. ಬೆಂದಷ್ಟೂ ಒಳ್ಳೆಯದು ಅಂತ ಬಾಯಿಗೆ ಹಾಕಿಕೊಂಡರೆ ಕರಗುವ ತನಕ ಬೇಯಿಸುತ್ತಿದ್ದೆ. ನಾಲ್ಕನೇ ಸಲಕ್ಕೆ ಅವ್ವ ಊರಿಂದ ಬಂದಿದ್ದಳು. ಪಾತೇಲಿಯಲ್ಲಿ ಇಣುಕಿ ನೋಡಿ, "ಏನ್ ಮಾಡಾಕತ್ತಿ? ಗುಗ್ಗರಿ ಆದ್ರ ಉಪ್ಪ ಹಾಕು, ಅಲ್ಲಂದ್ರ ಇಳಸು. ಕಾಳ ಬಾಯಿ ಬಿಡಾಕತ್ತಾವ" ಅಂದಳು. ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಿ ತೋರಿಸಿದಳು. ಒತ್ತಿದರೆ ಬಗ್ಗಬೇಕು, ಒಳಗೆ ಬಿಳಿ ಹಿಟ್ಟಿನ ಚುಕ್ಕೆ ಇನ್ನೂ ಸ್ವಲ್ಪ ಕಾಣಬೇಕು, ಸಿಪ್ಪೆ ಒಡೆಯಬಾರದು. ಗುಗ್ಗರಿಗಿಂತ ಒಂದು ಹದ ಮೊದಲು. ನೆನೆದ ಜೋಳಕ್ಕೆ ನಮ್ಮ ಮನೆಯ ಒಲೆಯಲ್ಲಿ ಸಣ್ಣ ಉರಿಗೆ 15ರಿಂದ 20 ನಿಮಿಷ ಸಾಕು. ಪೂರ್ತಿ ಬೇಯುವುದು ಆಮೇಲೆ ಕುಕ್ಕರಿನಲ್ಲಿ ಇದ್ದೇ ಇದೆ.

ನೀರು ಬಸಿದು ಹಳೇ ಧೋತರದ ಮೇಲೆ ತೆಳ್ಳಗೆ ಹರವುತ್ತೇನೆ. ಮೊದಲು ಅರ್ಧ ತಾಸಿಗೇ ಅವಸರ ಮಾಡುತ್ತಿದ್ದೆ. ಅವ್ವ ಒಂದು ಹಿಡಿ ಎತ್ತಿ ಬಟ್ಟೆ ಮೇಲೆ ಬಿಟ್ಟಳು. "ಅಂಗೈಗೆ ನೀರ ಹತ್ತತೈತಿ ನೋಡು, ಇನ್ನೊಂದ್ ತಾಸ ಬಿಡು." ಈಗ ನನ್ನ ಪರೀಕ್ಷೆಯೂ ಅದೇ. ಟಿಶ್ಯೂ ಕಾಗದದ ಮೇಲೆ ಕಾಳು ಹೊರಳಿಸಿದರೆ ಒದ್ದೆ ಕಲೆ ಬೀಳಬಾರದು. ಜೊತೆಗೆ ತೂಕವನ್ನೂ ಮಾಡುತ್ತೇನೆ: 1 ಕಿಲೋ ಒಣ ಜೋಳ ಆರಿದ ಮೇಲೆ 1.7 ಕಿಲೋ ಆಸುಪಾಸು ಬಂದರೆ ಅರ್ಧದಷ್ಟು ತೇವ ಇದೆ ಅಂತ ಅರ್ಥ. 1.9 ಬಂದರೆ ಆ ಸಲ ಕೆಟ್ಟಂತೆಯೇ. ನೀರು ಕಾಳಿನ ಹೊಟ್ಟೆಯಲ್ಲಿರಬೇಕು, ಮೈಮೇಲೆ ಇರಬಾರದು. ಎಳೆಗೆ ಬೇಕಾದ ನೀರು ಒಳಗಿನಿಂದ ಸಿಗುತ್ತದೆ, ಕಾಳುಗಳ ಸಂದಿನಲ್ಲಿ ಅದಕ್ಕೆ ಗಾಳಿ ಬೇಕು.

ಆರಿದ ಮೇಲೆ 20 ಗ್ರಾಂ ಜಿಪ್ಸಂ, 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಕಲಸುತ್ತೇನೆ. ಎರಡನೆಯದು ಸಿಗದೆ ಬಿಟ್ಟೇ ಮಾಡಿದ್ದುಂಟು. ಜಿಪ್ಸಂ ಬಿಟ್ಟರೆ ಕಾಳು ಮುದ್ದೆಗಟ್ಟುತ್ತದೆ. ಅರ್ಧ ಲೀಟರಿನ ಗಾಜಿನ ಬಾಟಲಿಗಳಿಗೆ ಮುಕ್ಕಾಲು ಭಾಗ ಮಾತ್ರ ತುಂಬುತ್ತೇನೆ, ಅಲುಗಾಡಿಸಲು ಜಾಗ ಬೇಕು. ತಗಡಿನ ಮುಚ್ಚಳಕ್ಕೆ ಒಂದು ತೂತು, ಅದರಲ್ಲಿ ದಿಂಬಿನೊಳಗಿನ ಪಾಲಿಯೆಸ್ಟರ್ ಹತ್ತಿ, ಮೇಲೆ ಅಲ್ಯುಮಿನಿಯಂ ಹಾಳೆ. ಸಾದಾ ಹತ್ತಿ ಆವಿಗೆ ನೆನೆಯುತ್ತದೆ, ನೆನೆದ ಹತ್ತಿಯ ಮೂಲಕವೇ ಬೂಷ್ಟು ಒಳಗಿಳಿಯುತ್ತದೆ.

10 ಲೀಟರಿನ ಕುಕ್ಕರಿನ ತಳಕ್ಕೆ ಬಟ್ಟೆ, ಸಾಕಷ್ಟು ನೀರು, ಐದು ಬಾಟಲಿ. ಸೀಟಿಯನ್ನು ಕೂಡಲೇ ಇಡುವುದಿಲ್ಲ. ಹತ್ತು ನಿಮಿಷ ಆವಿ ಭರಭರನೆ ಹೊರಬಿಟ್ಟು ಒಳಗಿನ ಗಾಳಿ ಹೋದ ಮೇಲೆ ಇಡುತ್ತೇನೆ. ಗಾಳಿ ಉಳಿದರೆ ಒತ್ತಡ ಏರಿದರೂ ಕಾವು ಬೇಕಾದಷ್ಟು ಏರುವುದಿಲ್ಲ. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ ಒಂದೂವರೆ ತಾಸು. ಬೇಕಾದದ್ದು 121 ಡಿಗ್ರಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಕುಕ್ಕರಿನೊಳಗೂ ಒಂದೆರಡು ಡಿಗ್ರಿ ಕಡಿಮೆಯೇ, ಅದಕ್ಕೆ ಇನ್ನೂ 15 ನಿಮಿಷ ಸೇರಿಸುತ್ತೇನೆ. ಇಷ್ಟು ಹೊತ್ತು ಅಡುಗೆಮನೆ ಬಿಟ್ಟು ಹೋಗುವುದಿಲ್ಲ. ನೀರು ಬತ್ತಿದರೆ ಕುಕ್ಕರ್ ಅಪಾಯ. ಆಮೇಲೆ ರಾತ್ರಿಯಿಡೀ ಮುಚ್ಚಿಯೇ ಇರಬೇಕು, ಬಿಸಿಯಲ್ಲಿ ತೆಗೆದರೆ ಬಾಟಲಿ ತಣ್ಣಗಾಗುತ್ತಾ ಕೋಣೆಯ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ಬೀಜ ಹಾಕುವುದು ನಸುಕಿನಲ್ಲಿ, ಫ್ಯಾನ್ ಬಂದ್ ಮಾಡಿ, ಎರಡು ಕೈ ಹೋಗುವಷ್ಟು ತೂತು ಕೊರೆದ ಪಾರದರ್ಶಕ ಡಬ್ಬದೊಳಗೆ. ಆ ಡಬ್ಬಕ್ಕೆ ಸ್ಪಿರಿಟ್ ಹೊಡೆದ ಮೇಲೆ ಒಳಗೆ ದೀಪ ಹಚ್ಚಬಾರದು, ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಬಾಟಲಿಗೆ ಎರಡು ಚಮಚ ಬೀಜ, ಮುಚ್ಚಿ, ಅಲುಗಾಡಿಸಿ, ಕಪಾಟಿನೊಳಗೆ. ಆರೇಳನೇ ದಿನಕ್ಕೆ ಬಿಳಿ ಎಳೆ ಮೂರರಲ್ಲೊಂದು ಭಾಗ ಹಬ್ಬಿದಾಗ ಇನ್ನೊಮ್ಮೆ ಅಲುಗಾಡಿಸಿದರೆ ಸುಮಾರು 15 ದಿನಕ್ಕೆ ಬಾಟಲಿ ತುಂಬುತ್ತದೆ. ಡಿಸೆಂಬರಿನ ಚಳಿಗೆ ವಾರ ಹೆಚ್ಚು, ಆಗ ಫ್ರಿಜ್ಜಿನ ಮೇಲಿಡುತ್ತೇನೆ. ಮೇ ತಿಂಗಳಲ್ಲಿ ಮಾಡುವುದೇ ಇಲ್ಲ.

ಅವ್ವ ಹದ ತೋರಿಸಿದ ಆ ನಾಲ್ಕನೇ ಸಲದ ಐದರಲ್ಲಿ ನಾಲ್ಕು ಬಾಟಲಿ ಬೆಳ್ಳಗಾದವು, ಮುಚ್ಚಳ ತೆಗೆದಾಗ ಮಳೆ ಬಿದ್ದ ಮಣ್ಣಿನಂಥ ತಂಪು ವಾಸನೆ. ಐದನೆಯದರಲ್ಲಿ ಹಸಿರು ಕಂಡಿತು. ಅದನ್ನು ಮನೆಯೊಳಗೆ ತೆರೆಯಲಿಲ್ಲ. ಮುಚ್ಚಿದಂತೆಯೇ ಮತ್ತೆ ಕುಕ್ಕರಿನಲ್ಲಿ ಬೇಯಿಸಿ ಗೊಬ್ಬರದ ಕುಂಡಕ್ಕೆ ಸುರಿದೆ. ಒಳ್ಳೆಯ ನಾಲ್ಕರಲ್ಲಿ ಮೂರನ್ನು ಹೊಟ್ಟಿಗೆ ಬೆರೆಸಿ, ಒಂದನ್ನು ಮುಂದಿನ ಸಲಕ್ಕೆ ಇಟ್ಟುಕೊಂಡೆ. ಹೀಗೆ ಕಾಳಿನಿಂದ ಕಾಳಿಗೆ ಎರಡು ಸಲ ದಾಟಿಸುತ್ತೇನೆ, ಮೂರನೇ ಸಲಕ್ಕೆ ಮತ್ತೆ ಶಿವಾಜಿನಗರದ ಬಸ್ಸು ಹಿಡಿಯುತ್ತೇನೆ.